ಅಮೆರಿಕಕ್ಕೆ ಕರೆಸಿಕೊಳ್ಳಲು ಗಂಡ ಹಾಕಿದ ಐ-130 ಅರ್ಜಿ ಪಾಸ್, ಆದರೆ ಎನ್‌ವಿಸಿಯಿಂದ (ದಾಖಲೆ ನೋಡುವ ಅಲ್ಲಿಯ ವೀಸಾ ಕೇಂದ್ರ) ಜನನ ಪ್ರಮಾಣಪತ್ರ ವಾಪಸ್. ಮುಂದೆ ಎಂತ ಮಾಡುವುದು?

ಕಾಪು_ದೀಪಸ್ತಂಭ:
ಎಲ್ಲರಿಗೂ ನಮಸ್ಕಾರ. ಗಂಡ ಅಮೆರಿಕದ ಸಿಟಿಜನ್, ನ್ಯೂಜೆರ್ಸಿಯಲ್ಲಿದ್ದಾರೆ. ನಾನು ಕಾಪುವಿನಲ್ಲಿ ಅಮ್ಮನ ಮನೆಯಲ್ಲಿ. ಮದುವೆಯಾಗಿ ಒಂದು ವರ್ಷ ಒಂಬತ್ತು ತಿಂಗಳು. ಅದಕ್ಕೆ ಮೊದಲು ಮೂರು ವರ್ಷ ದುಬೈಯಲ್ಲಿ ಕೆಲಸದಲ್ಲಿದ್ದೆ. ಐ-130 ಮಂಜೂರಾಗಿ ಬಿಎಂಬಿ ಅಂತ ಶುರುವಾಗುವ ಮುಂಬೈ ಕಾನ್ಸುಲೇಟಿನ ಕೇಸ್ ನಂಬರ್ ಬಂತು. 120 ಮತ್ತು 325 ಡಾಲರ್, ಎರಡೂ ಫೀಸು ಅವರ ಅಲ್ಲಿಯ ಬ್ಯಾಂಕ್ ಖಾತೆಯಿಂದಲೇ ಕಟ್ಟಿದ್ದು. ಡಿಎಸ್-260 ವೀಸಾ ಫಾರ್ಮ್ ತುಂಬಿಸಿ ದಾಖಲೆಗಳನ್ನೂ ಹಾಕಿ ಆಯ್ತು.

ನಿನ್ನೆ ನೋಡಿದರೆ ಜನನ ಪ್ರಮಾಣಪತ್ರ ಸರಿಪಡಿಸಿ ಮತ್ತೆ ಹಾಕಬೇಕಂತೆ. ಪತ್ರ ತೆಗೆದು ನೋಡಿದೆ. ಅಪ್ಪ, ಅಮ್ಮ, ತಾರೀಕು, "ಹೆಣ್ಣು", ಎಲ್ಲ ಉಂಟು. ಮಗುವಿನ ಹೆಸರಿನ ಜಾಗದಲ್ಲಿ ಮಾತ್ರ ಒಂದು ಅಡ್ಡಗೆರೆ! ಇಷ್ಟು ವರ್ಷ ಎಲ್ಲ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೇ ಕೆಲಸ ಆಗಿತ್ತು, ಯಾರೂ ಗಮನಿಸಲಿಲ್ಲ.

ಇನ್ನೊಂದು ಹೆದರಿಕೆ. ಅಪ್ಪ ರೈ, ಅಮ್ಮ ಶೆಟ್ಟಿ, ನಾನು ಶೆಟ್ಟಿ. ಮುಂಬೈಯ ವೀಸಾ ಸಂದರ್ಶನದಲ್ಲಿ ಇದನ್ನೇ ಹಿಡಿದು ಜಗ್ಗಿದರೆ?

ಸುರತ್ಕಲ್_ಸವಾರ:
ಗಾಬರಿ ಬೇಡ ಮಾರಾಯ್ರೆ. ಅಷ್ಟರಲ್ಲಿ ಮೆಡಿಕಲ್ ಮುಗಿಸಿ ಇಡಿ. ಮಂಗಳೂರಲ್ಲಿ ಆಸ್ಪತ್ರೆಗೆ ಎಂತ ಬರಗಾಲ?

ಬಿಜೈ_ಅಕ್ಕ:
ಸವಾರರೇ, ಪಾಪ ಅವಳ ದುಡ್ಡು ಹಾಳು ಮಾಡಿಸಬೇಡಿ. ಕಾನ್ಸುಲೇಟ್ ಗುರುತಿಸಿದ ವೈದ್ಯರ ಹತ್ತಿರ ಮಾಡಿಸಿದ್ದು ಮಾತ್ರ ನಡೆಯುವುದು. ಅದೂ ಸಂದರ್ಶನದ ದಿನ ಸಿಕ್ಕಿದ ಮೇಲೆ. ಮೊದಲೇ ಮಾಡಿಸಿದರೆ ಅವಧಿ ಮುಗಿದು ಎರಡನೇ ಸಲ ಓಡಬೇಕು. ಈಗ ಬೇಕಾದರೆ ಹಳೆ ಲಸಿಕೆ ಕಾರ್ಡ್ ಹುಡುಕಿಡಲಿ.

ತಂಗಿ, ನನ್ನ ಮಗಳ ಕಡತ ನಾನೇ ಕೂತು ಮಾಡಿಸಿದ್ದು. ಅವಳದ್ದೂ ಇದೇ ಕಥೆ. ನಮ್ಮ ಕಾಲದಲ್ಲಿ ಹೆರಿಗೆಯಾದ ಕೂಡಲೇ ಆಸ್ಪತ್ರೆಯವರು ವಿವರ ಕಳಿಸುತ್ತಿದ್ದರು. ಹೆಸರಿಡುವುದು ತೊಟ್ಟಿಲಿಗೆ ಹಾಕುವ ದಿನ. ಆಮೇಲೆ ಆ ಹೆಸರನ್ನು ರಿಜಿಸ್ಟರಿಗೆ ಸೇರಿಸಲು ಯಾರು ಹೋಗುತ್ತಾರೆ?

ನೀನು ಹುಟ್ಟಿದ್ದು ಎಲ್ಲಿ ಅಂತ ಮೊದಲು ನೋಡು. ಮನೆ ಕಾಪುವಿನಲ್ಲಿದ್ದರೂ ಹೆರಿಗೆ ಮಂಗಳೂರು ಪೇಟೆಯಲ್ಲಿ ಆಗಿದ್ದರೆ ರಿಜಿಸ್ಟರ್ ಇರುವುದು ಲಾಲ್‌ಬಾಗಿನ ಪಾಲಿಕೆಯಲ್ಲಿ. ಅಂಕಪಟ್ಟಿ, ಪಾಸ್‌ಪೋರ್ಟ್, ಅಪ್ಪ-ಅಮ್ಮನ ಆಧಾರ್ ಹಿಡಿದುಕೊಂಡು ಹೋಗಿ ಹೆಸರು ಸೇರಿಸಲು ಅರ್ಜಿ ಕೊಡು. ಅಪ್ಪ-ಅಮ್ಮನನ್ನೂ ಕರೆದುಕೊಂಡು ಹೋಗು, ಸಹಿಗಾಗಿ ಎರಡು ಸಲ ಅಲೆಯುವುದು ತಪ್ಪುತ್ತದೆ. 15 ವರ್ಷ ದಾಟಿದೆ, ಆಗುವುದಿಲ್ಲ ಅಂದರೆ ಅದನ್ನೇ ಬರಹದಲ್ಲಿ ಕೇಳು. ಆ ಪತ್ರ, ಅಂಕಪಟ್ಟಿ, ಜೊತೆಗೆ ಹುಟ್ಟಿದ ಊರು, ತಾರೀಕು, ಇಬ್ಬರ ಹೆಸರೂ ಬರೆದು ನೋಟರಿ ಮುಂದೆ ಅಪ್ಪ-ಅಮ್ಮ ಮಾಡಿದ ಅಫಿಡವಿಟ್, ಇಷ್ಟು ಸೇರಿಸಿ ಹಾಕು. ಕನ್ನಡದಲ್ಲಿ ಮಾತ್ರ ಇರುವುದಕ್ಕೆಲ್ಲ ಇಂಗ್ಲಿಷ್ ಅನುವಾದ ಬೇಕು. ಅನುವಾದಿಸಿದವರು ತಮಗೆ ಎರಡೂ ಭಾಷೆ ಬರುತ್ತದೆ ಅಂತ ಬರೆದು ಸಹಿ ಹಾಕಬೇಕು.

ರೈ-ಶೆಟ್ಟಿ ವಿಷಯ ತಲೆಯಿಂದ ತೆಗೆದುಬಿಡು. ಬಂಟರಲ್ಲಿ ಅಳಿಯಕಟ್ಟು, ಹೆಸರು ಅಮ್ಮನ ಕಡೆಯಿಂದ ಬರುವುದು. ಕೇಳಿದರೆ ಅಷ್ಟೇ ಹೇಳು. ಅವರಿಗೆ ಬೇಕಾದ್ದು ಅಪ್ಪನ ಹೆಸರು ಪತ್ರದಲ್ಲೂ ಫಾರ್ಮಿನಲ್ಲೂ ಒಂದೇ ಥರ ಇರುವುದು.

ಈಗ ನಾನು ಕೇಳುತ್ತೇನೆ. ದುಬೈಯ ಪಿಸಿಸಿ, ಅಂದರೆ ಪೊಲೀಸ್ ಪ್ರಮಾಣಪತ್ರ, ಹಾಕಿದ್ದೀಯಾ?

ಕಾಪು_ದೀಪಸ್ತಂಭ:
ಅಯ್ಯೋ ಅಕ್ಕ, ಇಲ್ಲ! ಪಾಸ್‌ಪೋರ್ಟ್ ಆಫೀಸಿನದ್ದು, 500 ರೂಪಾಯಿ ಕಟ್ಟಿದ್ದು, ಅದು ಮಾತ್ರ ಹಾಕಿದ್ದು. ದುಬೈ ಬಿಟ್ಟು ಬಂದಾಯ್ತಲ್ಲ ಅಂತ ಸುಮ್ಮನಿದ್ದೆ.

ಬಿಜೈ_ಅಕ್ಕ:
16 ತುಂಬಿದ ಮೇಲೆ ಬೇರೆ ದೇಶದಲ್ಲಿ 12 ತಿಂಗಳು ಇದ್ದರೆ ಅಲ್ಲಿಯದ್ದೂ ಬೇಕು. ಬಿಟ್ಟು ಬಂದ ಮೇಲೆ ತೆಗೆಸಿ, ಮತ್ತೆ ಅಲ್ಲಿಗೆ ಹೋಗದಿದ್ದರೆ ಅದು ಹಳತಾಗುವುದಿಲ್ಲ. ಊರಿನದ್ದಕ್ಕೆ ಎರಡು ವರ್ಷದ ಮಿತಿ. ದುಬೈಯದ್ದನ್ನು ಇವತ್ತೇ ಶುರು ಮಾಡು, ಬೆರಳಚ್ಚು ಕೇಳಬಹುದು. ನಮ್ಮ ಕರಾವಳಿಯವರು ಎಡವುವುದು ಇಲ್ಲೇ. ಮನೆಗೊಬ್ಬರು ಗಲ್ಫಿಗೆ ಹೋದವರು, ಹೋದದ್ದು ಫಾರ್ಮ್ ತುಂಬಿಸುವಾಗ ನೆನಪಿರುವುದಿಲ್ಲ.

ಕಾಪು_ದೀಪಸ್ತಂಭ (ಏಳು ವಾರದ ನಂತರ):
ಹೆಸರು ಸೇರಿತು ಅಕ್ಕ! ಲಾಲ್‌ಬಾಗಿಗೆ ಮೂರು ಸಲ ಹೋದದ್ದು. ಕೊನೆಯ ದಿನ ಅಪ್ಪ ಪತ್ರವನ್ನು ಕನ್ನಡಕ ಒರೆಸಿ ಒರೆಸಿ ಓದಿದರು. ದುಬೈಯದ್ದೂ ಬಂತು, ಎರಡೂ ಹಾಕಿದೆ. ಇವತ್ತು ದಾಖಲೆ ಪೂರ್ಣ ಅಂತ ಮೇಲ್ ಬಂದಿದೆ. ಇನ್ನು ಕಾಯುವುದೊಂದೇ ಅಲ್ವಾ?

ಬಿಜೈ_ಅಕ್ಕ:
ಸಂತೋಷ. ಕಾಯುವುದರಲ್ಲೂ ಒಂದು ಲಾಭ ಉಂಟು. ಅಲ್ಲಿ ಇಳಿಯುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿದ್ದರೆ ಹತ್ತು ವರ್ಷದ ಗ್ರೀನ್ ಕಾರ್ಡ್. ತುಂಬದಿದ್ದರೆ ಎರಡೇ ವರ್ಷದ್ದು. ಮತ್ತೆ ಅದು ಮುಗಿಯುವ ಮೊದಲಿನ 90 ದಿನದೊಳಗೆ ಷರತ್ತು ತೆಗೆಸುವ ಐ-751 ಅರ್ಜಿ ಹಾಕುವ ರಗಳೆ. ನಿನಗೆ ಸಂದರ್ಶನದ ಹೊತ್ತಿಗೇ ತುಂಬಬಹುದು. ವೀಸಾದಲ್ಲಿ ಸಿಆರ್1 (ಎರಡು ವರ್ಷದ್ದು) ಅಂತ ಇದ್ದರೂ, ಇಳಿದಾಗ ಅಧಿಕಾರಿಗೆ ಮದುವೆ ಪತ್ರ ತೋರಿಸಿ ಐಆರ್1 (ಹತ್ತು ವರ್ಷದ್ದು) ಅಂತ ಮಾಡಿಸಿಕೊ.

ಮುಂಬೈಗೆ ಮತ್ಸ್ಯಗಂಧ ರೈಲಿನಲ್ಲೇ ಹೋಗು. ಕುರ್ಲಾದಲ್ಲಿ ಇಳಿದರೆ ಕಾನ್ಸುಲೇಟ್ ಇರುವ ಬಿಕೆಸಿ ಹತ್ತಿರ. ಆದರೆ ಸಂದರ್ಶನದ ಬೆಳಿಗ್ಗೆ ಇಳಿಯುವ ಲೆಕ್ಕ ಹಾಕಬೇಡ. ಮಳೆಗಾಲದಲ್ಲಿ ಕೊಂಕಣ ರೈಲಿನ ವೇಳಾಪಟ್ಟಿಯೇ ಬೇರೆ.

ಸುರತ್ಕಲ್_ಸವಾರ:
ಈ ಸಲ ನಾನು ಬಾಯಿ ಬಿಡಲಿಲ್ಲ ಆಯ್ತಾ.