ಎಣ್ಣೆ ನೀರಿಗಿಂತ ಹಗುರ, ಮತ್ತೆ 1,100 ಮೀಟರ್ ಆಳದಲ್ಲಿ ಹೇಗೆ ನಿಂತಿತು?

ತಳಗಾಳ: 2010ರಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಕೊರೆತ ವೇದಿಕೆ ಸ್ಫೋಟಿಸಿ ಸಮುದ್ರತಳದ ಬಾವಿಯಿಂದ ಆದ ಎಣ್ಣೆ ಸೋರಿಕೆಯಲ್ಲಿ ಬಾವಿಯ ಬಾಯಿ ಇದ್ದದ್ದು ಸುಮಾರು 1,500 ಮೀಟರ್ ಕೆಳಗೆ. ಮೆಕ್ಸಿಕೊ ಕೊಲ್ಲಿಯ ಮೇಲ್ಮೈಗೆ ಬೇಕಾದಷ್ಟು ಎಣ್ಣೆ ಬಂತು, ಅದು ಸರಿ. ಆದರೆ 1,100 ಮೀಟರ್ ಆಸುಪಾಸಿನಲ್ಲಿ 35 ಕಿ.ಮೀ.ಗೂ ಉದ್ದದ ಪದರ ಸಿಕ್ಕಿತಲ್ಲ? ಸ್ಟೋಕ್ಸ್ ಸೂತ್ರಕ್ಕೆ (ದ್ರವದಲ್ಲಿ ಹನಿ ಏರುವ ವೇಗದ ಲೆಕ್ಕ) 5 ಮಿ.ಮೀ. ಹನಿ ಹಾಕಿದರೆ ಸೆಕೆಂಡಿಗೆ ಒಂದೂವರೆ ಮೀಟರ್ ವೇಗ ಬರುತ್ತಿದೆ. ಲೆಕ್ಕ ಎಲ್ಲಿ ತಪ್ಪಿತು?

ಹನಿಲೆಕ್ಕ: ಆ ಸೂತ್ರ ದೊಡ್ಡ ಹನಿಗೆ ನಡೆಯಲ್ಲ. 5 ಮಿ.ಮೀ. ಹನಿ ಏರುವಾಗ ಚಪ್ಪಟೆಯಾಗಿ ಓಲಾಡುತ್ತದೆ, ಹಿಂದೆ ಸುಳಿ ಏಳುತ್ತದೆ. ವೇಗ ಸೆಕೆಂಡಿಗೆ 10 ಸೆಂ.ಮೀ. ಆಸುಪಾಸು. ಅಂದರೆ ನಾಲ್ಕೈದು ಗಂಟೆಯಲ್ಲಿ ಮೇಲೆ. ಈಗ 100 ಮೈಕ್ರಾನ್ (0.1 ಮಿ.ಮೀ.) ಹನಿ ಹಾಕಿ ನೋಡಿ. ಸಾಂದ್ರತೆಯ ವ್ಯತ್ಯಾಸ 180 ಕೆ.ಜಿ./ಘನ ಮೀಟರ್, ನೀರಿನ ಸ್ನಿಗ್ಧತೆ, ಅಂದರೆ ಹರಿವಿಗೆ ಒಡ್ಡುವ ತಡೆ, 0.0016 ಪಾಸ್ಕಲ್-ಸೆಕೆಂಡ್ (ನೀರು 4–5 ಡಿಗ್ರಿ, ಕೋಣೆಯ ಉಷ್ಣತೆಯ ಅಂಕಿ ಬೇಡ). ಸೆಕೆಂಡಿಗೆ 0.6 ಮಿ.ಮೀ., ಮೇಲ್ಮೈಗೆ ಸುಮಾರು ಒಂದು ತಿಂಗಳು. 10 ಮೈಕ್ರಾನ್ ಆದರೆ ಏಳು ವರ್ಷಕ್ಕೂ ಜಾಸ್ತಿ! ಅಷ್ಟರಲ್ಲಿ ಪ್ರವಾಹ ಎಲ್ಲಿಗೋ ಒಯ್ದಿರುತ್ತದೆ, ಬ್ಯಾಕ್ಟೀರಿಯಾ ತಿಂದೂ ಮುಗಿಸಿರಬಹುದು.

ಪದರ: ಇದು ಅರ್ಧ ಉತ್ತರ. ಒಂಟಿ ಹನಿಯ ಲೆಕ್ಕ ಶುರುವಾಗುವುದೇ ಆಮೇಲೆ. ಬಾವಿಯಿಂದ ಚಿಮ್ಮುವ ಅನಿಲ–ಎಣ್ಣೆ ಸುತ್ತಲಿನ ತಣ್ಣನೆಯ, ಭಾರವಾದ ನೀರನ್ನೂ ಎಳೆದುಕೊಂಡು ಏರುತ್ತದೆ. ಕೆಲವು ನೂರು ಮೀಟರ್ ಮೇಲೆ ಆ ನೀರು ಅಕ್ಕಪಕ್ಕದ ನೀರಿಗಿಂತ ಭಾರವಾಗಿ, ಏರಲಾರದೆ ಅಡ್ಡಕ್ಕೆ ಹರಡುತ್ತದೆ. ದೊಡ್ಡ ಹನಿಗಳು ಕಳಚಿಕೊಂಡು ಮೇಲೆ ಹೋಗುತ್ತವೆ. ಸಣ್ಣ ಹನಿ ಮತ್ತು ನೀರಲ್ಲಿ ಕರಗಿದ ಮೀಥೇನ್, ಬೆಂಜೀನ್, ಟಾಲ್ವೀನ್ ಅಲ್ಲೇ ಉಳಿಯುತ್ತವೆ. ಹಾಗಾಗಿ ‘ಎಣ್ಣೆಯ ಪದರ’ ಅನ್ನುವ ಮಾತೇ ದಾರಿ ತಪ್ಪಿಸುತ್ತದೆ. ಆ ಆಳದ ನೀರನ್ನು ಬಾಟಲಿಯಲ್ಲಿ ಹಿಡಿದರೆ ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು.

ಬಾವಿಯ ಬಾಯಿಗೇ 7.7 ಲಕ್ಷ ಗ್ಯಾಲನ್ ಡಿಸ್ಪರ್ಸೆಂಟ್ (ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆಯುವ ರಾಸಾಯನಿಕ) ಬಿಟ್ಟಿದ್ದರು. ಹನಿ ಸಣ್ಣದಾದದ್ದು ಅದರಿಂದಲೋ, ಚಿಮ್ಮಿದ ರಭಸದಿಂದಲೋ ಎಂಬ ಜಗಳ ಮುಗಿದಿಲ್ಲ.

ಬಾಟಲಿ: ಅಳೆಯುವವರಿಗೆ: ಫ್ಲೋರೋಮೀಟರ್ (ಬೆಳಕು ಬಿಟ್ಟಾಗ ಎಣ್ಣೆ ಹೊಳೆಯುವುದನ್ನು ಅಳೆಯುವ ಉಪಕರಣ) ಏರಿದ ಆಳದಲ್ಲೇ ಆಮ್ಲಜನಕ ಇಳಿದಿದ್ದರೆ (ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಅದನ್ನು ಬಳಸುತ್ತವೆ) ಅನುಮಾನ ಪಡಿ, ತೀರ್ಮಾನ ಬೇಡ. ಸಹಜ ಸಾವಯವ ವಸ್ತುವೂ ಹೊಳೆಯುತ್ತದೆ, ಆಮ್ಲಜನಕ ಸೆನ್ಸರಿನ ಪೊರೆಗೆ ಎಣ್ಣೆ ಮೆತ್ತಿದರೂ ರೀಡಿಂಗ್ ಕೆಡುತ್ತದೆ. ಅದೇ ನೀರಿಗೆ ವಿಂಕ್ಲರ್ ಟೈಟ್ರೇಶನ್ (ಆಮ್ಲಜನಕ ಅಳೆಯುವ ರಾಸಾಯನಿಕ ವಿಧಾನ) ಮಾಡಿ, ಎಣ್ಣೆಯನ್ನು ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ (ಒಂದೊಂದು ಘಟಕವನ್ನೂ ಬೇರ್ಪಡಿಸಿ ಗುರುತಿಸುವ ವಿಧಾನ) ಖಚಿತಪಡಿಸಿ. ಬಾಟಲಿಯ ನಲ್ಲಿಯಿಂದ ಒಂದಿಷ್ಟು ಹಿಡಿದರೆ ಸಾಲದು. ಹನಿಗಳು ಮೇಲಕ್ಕೆ ಸೇರಿ ಗೋಡೆಗೆ ಅಂಟಿರುತ್ತವೆ. ಪೂರ್ತಿ ಖಾಲಿ ಮಾಡಿ, ಸ್ಯಾಂಪಲ್ ಡಬ್ಬಿಯ ಒಳಗೋಡೆಯನ್ನು ಡೈಕ್ಲೋರೋಮೀಥೇನ್‌ನಲ್ಲಿ (ಎಣ್ಣೆ ಕರಗಿಸುವ ದ್ರಾವಕ) ತೊಳೆದು ಅದನ್ನೂ ಲೆಕ್ಕಕ್ಕೆ ಸೇರಿಸಿ.

ತಳಗಾಳ: ಹಾಗಾದರೆ ತಳದ ಕೆಸರಲ್ಲಿ ಸಿಕ್ಕ ಎಣ್ಣೆ?

ಪದರ: ಎರಡು ದಾರಿ. ಪದರ ಹೋಗಿ ಖಂಡದ ಇಳಿಜಾರಿಗೆ (ಕರಾವಳಿ ಕಡೆಯಿಂದ ಆಳಕ್ಕೆ ಇಳಿಯುವ ಸಮುದ್ರತಳ) ತಾಗಿದ ಕಡೆ, ಸ್ನಾನದ ತೊಟ್ಟಿಗೆ ಕೊಳೆಯ ಗೆರೆ ಹಿಡಿದ ಹಾಗೆ, ಅದೇ ಆಳದಲ್ಲಿ ಪಟ್ಟಿ ಬೀಳುತ್ತದೆ. ಇನ್ನೊಂದು ಮೇಲಿನಿಂದ: ಪಾಚಿಯ ಲೋಳೆ, ಮಣ್ಣು, ಎಣ್ಣೆ ಸೇರಿ ಮುದ್ದೆಯಾಗಿ ಮುಳುಗುತ್ತದೆ.