ಅಪ್‌ಡೇಟ್: ಇಷ್ಟದ ಹಾಡು ಬೋರ್ ಆಗದ ಹಾಗೆ ಇಟ್ಕೊಳ್ಳೋದು

ಇಷ್ಟದ ಹಾಡನ್ನ ಕೇಳಿ ಕೇಳಿ, ಆಮೇಲೆ ಅದು ಶುರುವಾದ್ರೆ ಸಾಕು ಮುಂದಕ್ಕೆ ಓಡಿಸೋ ಹಾಗಾಗುತ್ತೆ, ಏನ್ ಮಾಡೋದು ಅಂತ ಕೇಳಿದ್ದೆನಲ್ಲ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಅಲಾರಂನಿಂದ ಹಾಡು ತೆಗೀರಿ ಅಂದಿದ್ರಿ, ತೆಗೆದೆ. ಹಾಸನ–ಸಕಲೇಶಪುರ ಬಸ್ಸಲ್ಲಿ ರಿಪೀಟ್ ಹಾಕೋದು ಬಿಟ್ಟು ಹಾಸನ ಆಕಾಶವಾಣಿ ಹಾಕ್ತೀನಿ. ಫೋನಿನ ಎಫ್‌ಎಂಗೆ ವೈರ್ ಇರೋ ಇಯರ್‌ಫೋನೇ ಬೇಕು, ಆ ವೈರೇ ಆಂಟೆನಾ. ಮುಂದಿನ ಹಾಡು ಯಾವುದು ಅಂತ ಗೊತ್ತಿಲ್ಲದೆ ಕೂತಿರೋವಾಗ ನಮ್ಮ ಹಾಡೇ ಬಂದುಬಿಟ್ರೆ ಆ ಖುಷಿನೇ ಬೇರೆ.

ನಿಜವಾಗಿ ಕೆಲಸ ಮಾಡಿದ್ದು ಮಾತ್ರ 'ಒಂದೇ ವಾದ್ಯ ಹಿಡಿದು ಕೇಳಿ' ಅನ್ನೋ ಸಲಹೆ. ನನ್ನ ಭಾವಗೀತೆಯಲ್ಲಿ ಬರೀ ತಬಲಾ ಹಿಂದೆ ಹೋದೆ. ಎರಡನೇ ಚರಣಕ್ಕೆ ಬಲಗೈ ಸುಮ್ಮನಾಗಿ, ಎಡಗೈಯ ಡಗ್ಗಾ ಒಂದೇ ಗುಂ ಅಂತಿರುತ್ತೆ. ಪಲ್ಲವಿಗೆ ವಾಪಸ್ ಬರೋವಾಗ ಎರಡೂ ಒಟ್ಟಿಗೆ ಬೀಳುತ್ತೆ. ಇಷ್ಟು ವರ್ಷ ಸಾಹಿತ್ಯದ ಗುಂಗಲ್ಲಿ ಇದು ಕಿವಿಗೇ ಬಿದ್ದಿರಲಿಲ್ಲ!

ಒಬ್ಬರು ಮನಶ್ಶಾಸ್ತ್ರ ತಂದಿದ್ರು: ಪರಿಚಯ ಹೆಚ್ಚಿದಷ್ಟೂ ಇಷ್ಟ ಹೆಚ್ಚುತ್ತೆ ಅಂತ ಮನಶ್ಶಾಸ್ತ್ರಜ್ಞ ಝಯಾನ್ಸ್ 1968ರಲ್ಲಿ ಬರೆದದ್ದು, ಒಂದು ಹಂತ ದಾಟಿದ ಮೇಲೆ ಆ ಇಷ್ಟ ಇಳಿಯುತ್ತೆ ಅಂತ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಬರ್ಲೈನ್ ಹೇಳಿದ್ದು. ನನ್ನ ಲೆಕ್ಕದಲ್ಲೂ ಸರಿ. ಒಂದೇ ಬೀಟಿನ ಕುಣಿತದ ಹಾಡು ಬೇಗ ಸಾಯುತ್ತೆ, ಒಳಗೆ ಸರಕಿರೋದು ಬಾಳಿಕೆ ಬರುತ್ತೆ.

'ಒಂದು ತಿಂಗಳು ಆ ಹಾಡು ಮುಟ್ಟಬೇಡಿ' ಅಂದಿದ್ದು ಆಗಲಿಲ್ಲ, ಅಮ್ಮ ಅಡುಗೆಮನೇಲಿ ಅದನ್ನೇ ಗುನುಗ್ತಾರೆ. ಕಾಲರ್ ಟ್ಯೂನ್ ಇನ್ನೂ ತೆಗೆದಿಲ್ಲ. ಅದು ನನಗೆ ಕೇಳಲ್ವಲ್ಲ, ಫೋನ್ ಮಾಡೋ ನಮ್ಮಕ್ಕನ ಪಾಡು.