ಅಗ್ನಿಶಿಖೆಯ ಎಸಳು ಬಟ್ಟೆಯಿಂದ ಮೇಲೇಳಬೇಕು, ಹೇಗೆ?

ಕೊಥ್ರೂಡ್, ಪುಣೆ:
ಎಲ್ಲರಿಗೂ ನಮಸ್ಕಾರ. ನನಗೆ ಕಸೂತಿ ಬರುತ್ತದೆ. ಧಾರವಾಡದಲ್ಲಿ ಅಜ್ಜಿ ಕಲಿಸಿದ್ದು. ಗವಂತಿ, ಮುರ್ಗಿ ಹೊಲಿಗೆ, ಎಲ್ಲ ಎಳೆ ಎಣಿಸಿ ಹಾಕುತ್ತೇನೆ. ಈ ಮಳೆಗಾಲದಲ್ಲಿ ಸಿಂಹಗಡ ಹತ್ತುವಾಗ ಪೊದೆಯ ಮೇಲೆ ಅಗ್ನಿಶಿಖೆ ಅರಳಿತ್ತು. ಆರು ಎಸಳು, ಅಂಚೆಲ್ಲ ಅಲೆ ಅಲೆ, ಬುಡ ಹಳದಿ, ತುದಿ ಕೆಂಪು. ಹೂ ಕೆಳಗೆ ಬಾಗಿದ್ದರೂ ಎಸಳುಗಳು ಹಿಂದಕ್ಕೆ ಮಡಚಿ ಮೇಲೆದ್ದಿದ್ದವು. ಅಲ್ಲೇ ನಿಂತುಬಿಟ್ಟೆ.

ಒತ್ತೊತ್ತಾಗಿ ತುಂಬುವ ಸ್ಯಾಟಿನ್ ಹೊಲಿಗೆಯಲ್ಲಿ ಹಾಕಿದರೆ ಹೂವಿಗೆ ಜೀವವೇ ಇಲ್ಲ. ನೀಡಲ್‌ಲೇಸ್‌ನಲ್ಲಿ, ಅಂದರೆ ಬಟ್ಟೆಗೆ ಚುಚ್ಚದೆ ಸೂಜಿಯಿಂದ ದಾರದ ಕುಣಿಕೆಗಳನ್ನೇ ಹೆಣೆಯುವ ಲೇಸ್‌ನಲ್ಲಿ, ಎಸಳನ್ನು ಬೇರೆಯಾಗಿ ಹೆಣೆಯಲು ಮೂರು ಸಲ ಕೂತೆ. ಮೂರು ಸಲವೂ ನಡುವೆ ಸೊರಗಿ ಡಮರುಗದ ಹಾಗಾಯಿತು. ತಪ್ಪು ಎಲ್ಲಿ?

ಮಾಟುಂಗಾ, ಮುಂಬೈ:
ಅಕ್ಕಾ, ನೀವು ದಾರ ಜಾಸ್ತಿ ಜಗ್ಗುತ್ತಿದ್ದೀರಿ ಅನ್ಸುತ್ತೆ. ಕಸೂತಿಯಲ್ಲಿ ಬಟ್ಟೆ ಹಿಡಿದುಕೊಳ್ಳುತ್ತದೆ. ಇಲ್ಲಿ ಕುಣಿಕೆಗೆ ಕುಣಿಕೆಯೇ ಆಧಾರ. ಬಟನ್‌ಹೋಲ್ (ಕಾಜಾ ಹೊಲಿಗೆ) ಸಾಲು ಮುಗಿದಾಗ ಅಂಚಿನ ದಾರವನ್ನು ಸುತ್ತಿ, ಅದೇ ದಾರವನ್ನು ನೇರವಾಗಿ ಆಚೆ ತುದಿಗೆ ಹಾಯಿಸಿ. ಮುಂದಿನ ಸಾಲನ್ನು ಆ ಅಡ್ಡ ದಾರವನ್ನೂ ಹಿಂದಿನ ಕುಣಿಕೆಯನ್ನೂ ಒಟ್ಟಿಗೆ ಹಿಡಿದು ಹಾಕಿ. ಆಗ ಎಸಳು ಅಗಲ ಬಿಟ್ಟುಕೊಡುವುದಿಲ್ಲ. ಮೊಂಡು ತುದಿಯ ಸೂಜಿಯೇ ಬೇಕು, ಚೂಪಾದದ್ದು ದಾರವನ್ನೇ ಸೀಳುತ್ತದೆ. ಸಾಲಿನ ಮಧ್ಯೆ ದಾರ ಮುಗಿಯಲು ಬಿಡಬೇಡಿ. ಹೊಸ ದಾರ ಅಂಚಿನಿಂದಲೇ ಶುರುವಾಗಲಿ.

ಪಣಜಿ, ಗೋವಾ:
ಅಲೆಗೆ ತಂತಿ ಬೇಕು. ಎರಡು ಪದರ ಬಟ್ಟೆ ಜೋಡಿಸಿ, ಮೇಲೆ ಎಸಳಿನ ಚಿತ್ರ ಇಟ್ಟು, ಅಂಚಿಗೆ ತೆಳು ತಂತಿಯನ್ನು ಅಲ್ಲಲ್ಲಿ ಟಾಕಿ ಕೂರಿಸಿ. ಹೆಣೆದಾದ ಮೇಲೆ ಎರಡು ಪದರಗಳ ನಡುವೆ ಕತ್ತರಿ ಹಾಕಿದರೆ ಟಾಕಿ ಕಡಿದು ಎಸಳು ಬಿಡಿಯಾಗಿ ಬರುತ್ತದೆ. ಬುಡದಿಂದ ಅಡ್ಡಡ್ಡ ಸಾಲು ಹಾಕುತ್ತಾ ಹಳದಿ, ಕಿತ್ತಳೆ, ಕೆಂಪು ಬದಲಿಸಿ. ಎಲೆಯ ತುದಿ ಸುರುಳಿ ಸುತ್ತುತ್ತದಲ್ವಾ, ಅದಕ್ಕೆ ಒಂದೇ ಎಳೆಯಲ್ಲಿ, ಗೆರೆಯ ಹಾಗೆ ಸಾಗುವ ಸ್ಟೆಮ್ ಹೊಲಿಗೆ ಸಾಕು. ಇನ್ನೊಂದು ಮಾತು, ಮಾದರಿಗೆಂದು ಗಿಡ ಕಿತ್ತು ತರಬೇಡಿ. ಗೆಡ್ಡೆಯಿಂದ ಹೂವಿನವರೆಗೂ ವಿಷ. ಮನೆಯಲ್ಲಿ ಮಕ್ಕಳಿದ್ದರೆ ಫೋಟೋನೇ ಒಳ್ಳೆಯದು.

ಕೊಥ್ರೂಡ್, ಪುಣೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರವಿವಾರ ಪೇಠೆಯಿಂದ ತಂತಿ ತಂದೆ. ನಿನ್ನೆ ರಾತ್ರಿ ಒಂದು ಎಸಳು ಮುಗಿಯಿತು. ಕತ್ತರಿ ಹಾಕುವಾಗ ಕೈ ನಡುಗಿತು. ಹೆಬ್ಬೆರಳಿನಷ್ಟು ಉದ್ದ, ಅಗಲ ಎಲ್ಲೂ ಕುಗ್ಗಿಲ್ಲ. ಅಂಚನ್ನು ಉಗುರಿನಿಂದ ಒತ್ತಿ ಅಲೆ ಮಾಡಿದೆ, ಹಾಗೇ ನಿಂತಿದೆ. ಇನ್ನು ಐದು ಇವೆ. ಈ ಹೂವಿನ ಶಲಾಕೆ (ನಡುವಿನ ಹೆಣ್ಣು ಭಾಗದ ಕಡ್ಡಿ) ಬುಡದಲ್ಲೇ ತಿರುಗಿ ಪಕ್ಕಕ್ಕೆ ಚಾಚುತ್ತದೆ. ಅದಕ್ಕೂ ತಂತಿಗೆ ದಾರ ಸುತ್ತಿದರೆ ಸರಿಯಾ?